ಮಂಡಿ ಮೊಹಲ್ಲಾ

ನಮ್ಮ ಮೊಹಲ್ಲಾದ ಹೆಸರಲ್ಲೇ ಮಂಡಿ ಇದೆ.
ಆ ಮಂಡಿ ಬೇರೆ, ಬೆಲ್ಲ ಕೊಬ್ಬರಿಯದು.
ನಾನು ಹೇಳುತ್ತಿರುವುದು ಕಾಲಿನದು,
ನನ್ನ ಹೊಲಿಗೆ ಮಿಷಿನ್ನಿನ ಕೆಳಗೆ ಮಲಗುವ
ಪೊಮೇರಿಯನ್ ಗುಂಡಿಯ ಹಿಂಗಾಲಿನದು.

ಓಡುತ್ತ ಓಡುತ್ತ ಮೂರು ಹೆಜ್ಜೆ
ಎಡಗಾಲೆತ್ತಿ ಕುಂಟಾಬಿಲ್ಲೆ.
ಆಮೇಲೆ ಹಿಂದಕ್ಕೊಮ್ಮೆ ಒದ್ದು, ಟಕ್,
ಏನೂ ಆಗದ ಹಾಗೆ ನಾಲ್ಕೂ ಕಾಲಲ್ಲಿ ಓಟ.
ಬೀದಿ ಮಕ್ಕಳು ನಗುತ್ತಿದ್ದವು.
ನಾನೂ ನಕ್ಕೆ, ಒಂದೂವರೆ ವರ್ಷ.

ದನದಾಸ್ಪತ್ರೆಯಲ್ಲಿ ಡಾಕ್ಟರ್ ಬೊಳ್ಳಮ್ಮ
ನನ್ನ ಹೆಬ್ಬೆರಳನ್ನೇ ಹಿಡಿದು ಅಲ್ಲಿಟ್ಟರು.
ತಳ್ಳಿದರೆ ಮಂಡಿಚಿಪ್ಪು ಒಳಗಡೆಗೆ ಜಾರಿತು,
ಬಿಟ್ಟರೆ ಬಂತು.
‘ಚಿಪ್ಪು ಕೂರುವ ತೋಡು ಆಳವಿಲ್ಲ ಇದಕ್ಕೆ.’

ಸವೆದ ಗಾಲಿಯಿಂದ ಬೆಲ್ಟು ಜಾರುವುದು ಗೊತ್ತು,
ಹಿಗ್ಗಿದ ಕಾಜದಿಂದ ಗುಂಡಿ ಜಾರುವುದೂ.
‘ಸವೆದದ್ದಲ್ಲ ಮೇಷ್ಟ್ರೇ, ಹುಟ್ಟಿನದು.
ಹಿಂದೆ ನಿಂತು ನೋಡಿ.’
ನೋಡಿದೆ. ಸೊಂಟದಿಂದ ಹಿಮ್ಮಡಿಗೆ
ಕಣ್ಣಲ್ಲೇ ಟೇಪು ಇಳಿಬಿಟ್ಟೆ.
ತೊಡೆ ಹೊರಕ್ಕೆ ಬಾಗಿದೆ, ಪಾದ ಒಳಕ್ಕೆ ತಿರುಗಿದೆ,
ನಡುವೆ ಟೇಪಿಗೆ ದಾರಿಯಿಲ್ಲ.

ಮೂವತ್ತನಾಲ್ಕು ವರ್ಷ ಮೈಸೂರಿನ ಗಂಡಸರ
ಕಾಲು ಅಳೆದವನು. ನೆಟ್ಟನೆಯ ಕಾಲು ಕಂಡದ್ದು ಕಮ್ಮಿ.
ಸೊಟ್ಟಗಾಲಿನ ಮದುಮಗನಿಗೆ
ಒಳಹೊಲಿಗೆಯಲ್ಲಿ ಅರ್ಧ ಇಂಚು ಕದ್ದು
ಛತ್ರದ ತುಂಬ ನೆಟ್ಟಗೆ ನಡೆಸಿದ್ದೇನೆ.
ನಾಯಿಗೆ ಪ್ಯಾಂಟಿಲ್ಲ.

ಗುರುವಾರ ಸರಸ್ವತಿಪುರದ ಶ್ರೀಪಾಲಯ್ಯ ಬಂದರು,
ತೋಳಲ್ಲಿ ಒಂದು ಗಂಡು.
‘ಏನು ಮುಖ ರೀ, ಏನು ಬಾಲ!
ಮರಿಗೆ ಹನ್ನೆರಡು ಸಾವಿರ, ಅರ್ಧ ನಿಮಗೆ.’
ಮುಖ ನೋಡಿದರು, ಬಾಲ ನೋಡಿದರು,
ಎರಡರ ನಡುವೆ ಏನಿದೆ ಅಂತ ನೋಡಲಿಲ್ಲ.

ಆಪರೇಷನ್ನಿಗೆ ಇಪ್ಪತ್ತೆರಡು ಸಾವಿರ.
ನಾಲ್ಕು ಮರಿ ಹಾಕಿದರೆ ತಾಯಿಯ ಕಾಲು ಸರಿ.
ಕತ್ತರಿಸಬೇಕಿದ್ದ ಬಟ್ಟೆಯ ಮೇಲೆಯೇ
ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ.
ಎರಡು ಸಲ ಹಾಕಿದೆ.
ಆದರೆ ಅಚ್ಚೇ ತಪ್ಪಿದೆ ಅಂತ ಗೊತ್ತಾದ ಮೇಲೂ
ಅದೇ ಅಚ್ಚಿಟ್ಟು ಮತ್ತೆ ನಾಲ್ಕು ಕತ್ತರಿಸುವುದು
ನಮ್ಮ ಕಸುಬಿನಲ್ಲಿ ಇಲ್ಲ.
‘ಆಗಲ್ಲ ಸ್ವಾಮಿ’ ಅಂದೆ.
ಹೊಲಿಯಲು ಕೊಟ್ಟಿದ್ದ ಜುಬ್ಬವನ್ನೂ
ವಾಪಸ್ಸು ಇಸಕೊಂಡು ಹೋದರು.

ಈಗ ಯೂನಿಫಾರಂ ಕಾಲ. ಜೊತೆಗೆ ನೂರೈವತ್ತು.
ನೂರ ನಲವತ್ತೇಳು ಜೊತೆ ಮುಗಿದರೆ
ಒಂದು ಎಲುಬಿನಲ್ಲಿ ಒಂದು ತೋಡು ಆಳವಾಗುತ್ತದೆ.
ಹನ್ನೊಂದು ಆಗಿದೆ.

ಜಾರದಿರಲೆಂದು ನೆಲಕ್ಕೆಲ್ಲ ಗೋಣಿ ಹಾಸಿದ್ದೇನೆ.
ಗುಂಡಿ ಅದರ ಮೇಲೆ ಕೂತು
ಕತ್ತರಿಸುವ ಮೇಜಿನ ಎತ್ತರವನ್ನು
ನನಗಿಂತ ಚೆನ್ನಾಗಿ ಅಳೆಯುತ್ತಿದೆ.
ಬೇಡ ಅಂದೆ.
ಬಾಲ ಅಲ್ಲಾಡಿಸಿತು.