ಛರ್ರಾದ ವೋಟು

ಚೀಟಿ ಬ್ಯಾಡ, ಛರ್ರಾ ಹಾಕೋಣ ಅಂದಾಂವ ನಾನೇ.
ಚೌಬಾರಾದ ಹತ್ರ ನಂದು ಸೈಕಲ್ ಅಂಗಡಿ,
ಮೂವತ್ತು ವರ್ಷದ ಛರ್ರಾ ಬೋಗುಣಿ ತುಂಬ ಬಿದ್ದಾವ.
ಒಬ್ಬರಿಗಿ ಒಂದು ಉಕ್ಕಿನ ಗುಂಡು, ಗೋಡಿ ಗುಂಟ ಏಳು ಡಬ್ಬಿ.
ಯಾರು ಬೇಕೋ ಅವರ ಡಬ್ಬಿಗಿ ಹಾಕ್ರಿ.

ಬೀದರ ಸೀಮಿ ಸೈಕಲ್ ಸವಾರರ ಸಂಘ.
ಮಂಡಳಿಗಿ ಐದು ಕುರ್ಚಿ, ನಿಂತವರು ಏಳು.
ಭಾಲ್ಕಿ, ಹುಮನಾಬಾದ, ಔರಾದಿನಿಂದ ಬಂದವರು ಕೂಡಿ
ಸಾಲಿ ಬೆಂಚಿನ ಮ್ಯಾಲ ಐವತ್ತೆಂಟು ಮಂದಿ,
ಮೊಣಕಾಲು ಡೆಸ್ಕಿಗಿ ಬಡೀಲತಿದ್ವು.

ಎರಡೆರಡು ಮಿನಿಟು ಮಾತು ಅಂದ್ರ
ಡಾಕ್ಟರ್ ಪ್ರಭುಶೆಟ್ಟಿ ಹೆಲ್ಮೆಟ್ ತೆಗೀಲಕ್ಕೇ ಒಂದು ತೊಗೊಂಡ್ರು.
ಅವರ ಸೈಕಲ್ ಒಂದೇ ಬೆರಳಿಲೆ ಎತ್ತಿದ್ದೆ ಒಮ್ಮೆ.
ಕಿಮ್ಮತ್ತು ಕೇಳಿ ಮೆಲ್ಲಕ ಇಳಿಸಿದೆ.

ಹರಬನ್ಸ ಸಿಂಗ ಮಾತು ಕೊಡೂ ಹೊತ್ತಿಗಿ
ನೆತ್ತಿ ಮ್ಯಾಲ ಟ್ರೇನಿಂಗಿನ ಇಮಾನ ಹೋಯ್ತು.
ತುಟಿ ಆಡೂದು ಕಂಡೆವು. ಚಪ್ಪಾಳಿ ಹೊಡದೆವು.
ಅವತ್ತಿಂದು ಅದೇ ಛಲೋ ಭಾಷಣ ಅಂತ
ಈಗಲೂ ಅನ್ನವರು ಇದ್ದಾರ.

ಬಿದರಿ ಕೆಲಸದ ಘನಿಸಾಬ ಕೈ ತಿರುವಿ ತಿರುವಿ ಹೇಳಿದ:
“ಜಸ್ತ ಕರ್ರಗಾಗ್ಲಕ ಕೋಟಿ ಮಣ್ಣು ಬೇಕು,
ಮಣ್ಣು ತರ್ಲಕ ಸೈಕಲ್ ಬೇಕು.
ದರ್ವಾಜಾದಾಗ ಎದುರಿಗಿ ಮೋಟಾರು ನುಗ್ಗಿದ್ರ ಎಲ್ಲಿ ಸರೀಲಿ?
ಗೋಡಿಗಿ ಕೂಡಿಸಿದ ಬೆಳ್ಳಿ ತಂತಿ ಆಗ್ಲೇನು?”

ಕಡೀಗಿ ಶೀಲವಂತಿ.
ಕಮಠಾಣದ ಆಚಿ ಆರು ಊರಿಗಿ ಟಪಾಲು ಒಯ್ಯಾಕಿ.
ಚೈನಿಗಿ ಸಿಗಬಾರದಂತ ಸೊಂಟಕ್ಕ ಬಿಗಿದ ಸೆರಗು
ಬಿಚ್ಚಿರಲೇ ಇಲ್ಲ.
“ಡಾಂಬರು ಮುಗಿಯೂ ಅಂಚಿನಾಗ ನಾಕು ಬೆರಳು ಇಳುಕಲು ಅದ.
ಲಾರಿ ಹಾರ್ನ್ ಹೊಡದಾಗ ಇಳೀತೀನಿ, ಮತ್ತ ಹತ್ತತೀನಿ.
ಹೋದ ವರ್ಷ ಒಮ್ಮೆ ಹತ್ತಲಿಲ್ಲ.
ಮುದುಕರ ಪೆನ್ಶನ್ ರೊಕ್ಕ ಕೆಂಪು ಮಣ್ಣಾಗ ಹರವಿ ಬಿತ್ತು,
ಹೆಕ್ಕಿ ಒರೆಸಿ ಕೊಟ್ಟೆ.
ಆ ನಾಕು ಬೆರಳು ತುಂಬಸ್ರಿ ಅಂತ ಕೇಳೂದು,
ತುಂಬಸೂತನಕಾ ಕೇಳೂದು.
ಕುರ್ಚಿ ಸಿಕ್ಕರ ಇಷ್ಟೇ ಮಾಡ್ತೀನಿ.”
ಒಂದು ಮಿನಿಟು ಉಳಿದಿತ್ತು. ಕುಂತಳು.

ವೋಟು ಸುರು ಆದಮ್ಯಾಲ ನನಗ ತಿಳೀತು
ಡಬ್ಬಿ ಒಂದೊಂದು ನಮೂನಿ ಅಂತ.
ಗ್ರೀಸಿಂದು, ಡಾಲ್ಡಾದ್ದು, ಬಿಸ್ಕೀಟಿಂದು.
ಟಣ್ ಅಂದ್ರ ಡಾಕ್ಟರು. ಠಪ್ ಅಂದ್ರ ಘನಿಸಾಬ.
ಗುಪ್ತ ಮತದಾನ ಇಡೀ ಖೋಲಿಗಿ ಕೇಳ್ಲತಿತ್ತು.
ಡಾಕ್ಟರು ಕಣ್ಣು ಮುಚ್ಚಿ ಎಣಿಸ್ಲತಿದ್ರು, ನಾಡಿ ಹಿಡಿದವರಂಗ.
ಶೀಲವಂತಿ ಕಿಡಕಿಯಿಂದ ತನ್ನ ಸೈಕಲ್ ನೋಡ್ತಾ ನಿಂತಿದ್ದಳು,
ಕ್ಯಾರಿಯರಿನಾಗ ಇನ್ನೂ ಒಂದು ಊರಿನ ಚೀಲ ಇತ್ತು.

ಎರಡು ಸಲ ಎಣಿಸಿದೆ.
ಐದನೇ ಕುರ್ಚಿ ಹರಬನ್ಸ ಸಿಂಗಗ, ಎಂಟು.
ಶೀಲವಂತಿಗಿ ಏಳು.
ಕಡೀ ಹುರಿಯಾಳಿಗಿ ಮೂರು, ಅದರಾಗ ಒಂದು ಅವಂದೇ.
ಹಂಚಿದ್ದು ಐವತ್ತೆಂಟು, ಬಿದ್ದದ್ದು ಐವತ್ತೇಳು.
ಉರುಳಿ ಹೋಗಿರಬೇಕಂತ ಮೊಬೈಲ್ ಬೆಳಕು ಹಿಡಿದು
ಕಪಾಟಿನ ಬುಡಕ ಹುಡುಕಿದೆವು, ಮೊಣಕಾಲೂರಿ ನಾನೂ.
ಖಡುವಿನ ತುಂಡು ಸಿಕ್ಕವು, ಹಾಜರಿ ಪುಸ್ತಕದ ಅರ್ಧ ಹಾಳಿ.

ರಾತ್ರಿ ಅಂಗಿ ಗೂಟಕ್ಕ ಸಿಗಿಸುವಾಗ
ಕಿಸೆ ಗೋಡಿಗಿ ಬಡದು ಟಕ್ ಅಂತು.
ಎಲ್ಲಾರಿಗೂ ಹಂಚಿದಾಂವ
ನಂದೇ ಹಾಕೂದು ಮರತಿದ್ದೆ.
ಹಾಕಿದ್ರೂ ಸರಿಸಮ ಆಗ್ತಿತ್ತು, ರೂಪಾಯಿ ಚಿಮ್ಮಬೇಕಾಗ್ತಿತ್ತು.
ಹಿಂಗ ಹೇಳಿಕೊಂಡು ಹಾಸಿಗಿಗಿ ಹೋದೆ.
ನಿದ್ದಿ ಹತ್ತಲಿಲ್ಲ.

ಮುಂಜಾನೆ ಏಳಕ್ಕ ಆಕಿನೇ ಬಂದಳು.
“ಹಿಂದಿನ ಗಾಲಿ ಕರಕರ ಅನ್ಲತ್ತದ, ನೋಡ್ರಿ.”
ಹಬ್ ಬಿಚ್ಚಿದೆ. ಒಂಬತ್ತು ಇರೂ ಕಡಿ ಎಂಟೇ ಇದ್ವು.
ಕೈ ಬೋಗುಣಿಗಿ ಹೋಗಲಿಲ್ಲ, ಕಿಸೆಗಿ ಹೋಯ್ತು.
ಗ್ರೀಸ್ ಹಚ್ಚಿ, ಕೂಡಿಸಿ, ನಟ್ಟು ಬಿಗಿದೆ.

“ಎಷ್ಟಾಯ್ತ್ರಿ?”
“ಇದು ನಿಮ್ಮದೇ ಇತ್ತು.”
ತಿಳೀಲಿಲ್ಲ ಆಕಿಗಿ.
ಇಪ್ಪತ್ತು ರೂಪಾಯಿ ಪಂಪಿನ ಬುಡಕ ಇಟ್ಟು ಹತ್ತಿದಳು.

ಚೌಬಾರಾ ಸುತ್ತಿ ಮರೆ ಆಗೂತನಕ
ಕಿವಿ ಕೊಟ್ಟು ನಿಂತೆ.
ಏನೂ ಸಪ್ಪಳ ಬರಲಿಲ್ಲ.