ಕೆಳದವಡೆ

ಹಗಲು ನನ್ನದು ಹಲ್ಲಿನ ಕೆಲಸ.
ಡಾಕ್ಟರಲ್ಲ, ಯಾರ ಬಾಯನ್ನೂ ನೋಡಿದವನಲ್ಲ;
ಬಾಯಿಯ ಅಚ್ಚು ಬರುತ್ತದೆ ನನ್ನ ಮೇಜಿಗೆ
ಬಿಳಿ ಪ್ಲಾಸ್ಟರಿನಲ್ಲಿ, ಪೆನ್ಸಿಲಿನ ನಂಬರು ಹೊತ್ತು.
ಮೇಣ ಕರಗಿಸಿ, ಗುಲಾಬಿ ವಸಡು ಕೂರಿಸಿ
ಹದಿನಾಲ್ಕು ಹಲ್ಲು ಸಾಲಾಗಿ ನಿಲ್ಲಿಸಿ ಕಳಿಸುತ್ತೇನೆ.
ಇಪ್ಪತ್ತಾರು ವರ್ಷವಾಯಿತು. ದಾವಣಗೆರೆಯ ಎಷ್ಟೋ ಮುದುಕರು
ನನ್ನ ಹಲ್ಲಲ್ಲೇ ಮಂಡಕ್ಕಿ ಮೆಲ್ಲುತ್ತಾರೆ,
ಮೆಣಸಿನಕಾಯಿ ಕಚ್ಚುತ್ತಾರೆ.
ಅವರಿಗೆ ನಾನು ಗೊತ್ತಿಲ್ಲ.

ಸಂಜೆ ಆರರ ಮೇಲೆ
ಮಂಡಕ್ಕಿ ಭಟ್ಟಿಗಳ ಹಿಂದಿನ ತಗಡಿನ ಶೆಡ್ಡಿನಲ್ಲಿ
ಇನ್ನೊಂದು ಅಚ್ಚು.

ಟೈರಂಗಡಿಯ ಕ್ಯಾಲೆಂಡರಿನಲ್ಲಿ ಕಂಡಿದ್ದೆ, ಜುಲೈ ತಿಂಗಳ ಮೇಲೆ:
ಉದ್ದ ಮೂತಿ, ಎರಡೇ ಸೀಟು, ತಲೆಯ ಮೇಲೆ ಆಕಾಶ,
ಬೆರಗಾದ ಕಣ್ಣಿನಂಥ ಎರಡು ದೀಪ.
ಯಾವ ದೇಶದ್ದೋ, ಯಾವ ದೊರೆ ಏರಿದ್ದೋ,
ನಮ್ಮಪ್ಪ ಹುಟ್ಟುವ ಮೊದಲಿನದು.
ಆಗಸ್ಟ್ ಬಂದರೂ ಹಾಳೆ ತಿರುವಲು ಬಿಡದೆ
ಹರಿದುಕೊಂಡು ಬಂದೆ.

ಗುಜರಿಯಿಂದ ಒಂದು ಪದ್ಮಿನಿ, ಎಂಬತ್ತೆಂಟರದ್ದು.
ಮೈಯೆಲ್ಲ ತುಕ್ಕು, ಎಂಜಿನ್ನು ಮಾತ್ರ ಹಟಮಾರಿ.
ದಾದಾಪೀರ್ ಚಾಸಿ ಬೆಸೆದ.
ಫೋಟೊದ ಚಕ್ರ ಸ್ಕೇಲಿನಲ್ಲಿ ಎರಡು ಸೆಂಟಿಮೀಟರ್;
ಅದೊಂದರಿಂದಲೇ ಇಡೀ ಕಾರಿನ ಲೆಕ್ಕ.
ಕಂಡದ್ದು ಎಡಮಗ್ಗುಲು ಮಾತ್ರ,
ಬಲಗಡೆ ಹೇಗಿತ್ತೋ ಕ್ಯಾಲೆಂಡರಿಗೂ ಗೊತ್ತಿಲ್ಲ.
‘ಹಿಂದಿಂದು ಏನ್ ಮಾಡೋಣಪಾ?’ ಅಂದೆ.
‘ಕೋಳಿ ಕಾವಿಗೆ ಕುಂತಂಗೆ ಮಾಡೋಣ ತಗಿ’ ಅಂದ.
ಹಾಗೇ ಮಾಡಿದೆವು.

ಪ್ಲಾಸ್ಟರು, ಮೇಣ, ಅದರ ಮೇಲೆ ನಾರಿನ ಚಾಪೆ, ರಾಳ.
ಕೈಗೆ ಗೊತ್ತಿದ್ದ ಕೆಲಸವೇ, ದವಡೆ ದೊಡ್ಡದು ಅಷ್ಟೆ.
ನಾರು ಚುಚ್ಚಿ ರಾತ್ರಿಯಿಡೀ ತುರಿಕೆ.
ಎಷ್ಟಾಯಿತೆಂದು ನಿರ್ಮಲ ಕೇಳುವುದಿಲ್ಲ,
ಗ್ಯಾಸಿನ ರಸೀದಿಗಳ ಹಿಂದೆ ಬರೆದಿಡುತ್ತಾಳೆ.
ಆ ಕಟ್ಟು ಈಗ ಒಗ್ಗರಣೆ ಡಬ್ಬಿಗಿಂತ ದಪ್ಪ.

ಬಣ್ಣ ಹೊಡೆದ ದಿನ ಗಾಳಿ ತಿರುಗಿತು.
ಭಟ್ಟಿಯ ಮಸಿ ಹಸಿ ಕೆಂಪಿನ ಮೇಲೆ
ಎಳ್ಳು ಚೆಲ್ಲಿದ ಹಾಗೆ ಇಳಿದು ಕೂತಿತು.
ದಾದಾಪೀರ್ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ನಾಲ್ಕು ವರ್ಷ.

ಆರ್‌ಟಿಓ ಸಾಹೇಬರು ಮೂರು ಸುತ್ತು ಹಾಕಿದರು.
ಬಾನೆಟ್ಟಿಗೆ ಬೆರಳ ಗೆಣ್ಣಿನಿಂದ ಟಕ್ ಟಕ್.
‘ಪ್ಲಾಸ್ಟಿಕ್ಕೇನ್ರಿ?’
‘ಫೈಬರ್, ಸಾರ್.’
‘ಬುಕ್ಕಿನಾಗೆ ಪದ್ಮಿನಿ ಅಂತೈತಿ. ಇವಳು ಪದ್ಮಿನಿನಾ?’
ತಮ್ಮ ಮಾತಿಗೆ ತಾವೇ ಬಾಯ್ತುಂಬ ನಕ್ಕರು.

ಆಗ ಕಂಡೆ.
ಕೆಳದವಡೆ, ಎಡಗಡೆಯ ಕೊನೆಯ ಹಲ್ಲು,
ಕೂದಲೆಳೆಯಷ್ಟು ಒಳಕ್ಕೆ ತಗ್ಗಿಸಿದ್ದು.
ಎರಡು ಸಲ ವಾಪಸು ಬಂದಿತ್ತು ‘ಚುಚ್ಚುತ್ತದೆ’ ಎಂಬ ಚೀಟಿಯೊಂದಿಗೆ,
ಮೂರನೇ ಸಲ ನಾನು ಊಟ ಬಿಟ್ಟು ಕೂತು ಅರೆದದ್ದು.

‘ನಕಲಿ ಅಂದ್ರೆ ನಕಲೀನೇ. ರಸ್ತೆಗೆ ಬಿಡಂಗಿಲ್ಲ’
ಎಂದರು ಸಾಹೇಬರು.
ಸಕಾರ ಎಲ್ಲೂ ಸಿಳ್ಳೆಯಾಗಲಿಲ್ಲ,
ತಕಾರ ತೊದಲಲಿಲ್ಲ.
ಸಿಟ್ಟು ಬಂತು. ಅದರ ಬೆನ್ನಿಗೇ, ಹೇಳಿಬಿಡುತ್ತೇನೆ,
ಒಂದಿಷ್ಟು ಹೆಮ್ಮೆ.
‘ಆಯ್ತು ಸಾರ್’ ಅಂದೆ.

ಈಗ ಭಾನುವಾರ ಬೆಳಿಗ್ಗೆ
ಮುಚ್ಚಿದ ಹತ್ತಿ ಗಿರಣಿಯ ಕಾಂಪೌಂಡಿನೊಳಗೆ.
ಒಂದು ಪೊಟ್ಟಣ ಖಾರ ಮಂಡಕ್ಕಿಗೆ
ಗೇಟು ತೆಗೆಯುತ್ತಾನೆ ವಾಚ್‌ಮನ್ ಅಂಜಿನಪ್ಪ.
ಮಗ್ಗದ ಶೆಡ್ಡುಗಳ ನಡುವೆ ಹುಲ್ಲು ಸೀಳಿಕೊಂಡು ಹೋಗುತ್ತೇನೆ.
ಮೂರನೇ ಗೇರು ಬೀಳುವಷ್ಟರಲ್ಲಿ ಗೋಡೆ.
ತಿರುಗಿಸಿಕೊಂಡು ಮತ್ತೆ.

ಅಂಜಿನಪ್ಪನ ಕುರ್ಚಿ ಇರುವುದು ಬಲಗಡೆಗೆ.
‘ಇಂಥಾದ್ದು ನಾ ಎಲ್ಲೂ ನೋಡಿಲ್ರಿ’ ಅನ್ನುತ್ತಾನೆ, ಪ್ರತಿ ವಾರವೂ.
ನಿಲ್ಲಿಸಿದರೆ ಎದ್ದು ಬಂದು
ಮಡ್‌ಗಾರ್ಡಿನ ಕಪ್ಪು ಚುಕ್ಕಿಯೊಂದನ್ನು
ಉಗುರಿನಿಂದ ಕೆರೆದು ನೋಡುತ್ತಾನೆ.
ಹೋಗುವುದಿಲ್ಲ ಅದು,
ಬಣ್ಣದ ಒಳಗಿದೆ.