ಮರಳು ಸುರಿಯುವವಳು

ಸುರಿಯುವುದು ನನ್ನ ಕೆಲಸ.
ಎರಡು ಮೇಜಿನ ನಡುವೆ ನಲವತ್ತು ಸೆಂಟಿಮೀಟರ್ ಬಯಲು,
ಬಯಲಿನ ಮೇಲೆ ಮಕ್ಕಳು ಕಟ್ಟಿ ತಂದ ಬಾಲ್ಸಾ ಸೇತುವೆ,
ಸೇತುವೆಯ ನಡುವಿಗೆ ಕೊಕ್ಕೆ, ಕೊಕ್ಕೆಗೆ ಬಕೆಟ್ಟು,
ಬಕೆಟ್ಟಿಗೆ ಮಗ್ಗಿನಿಂದ ಸಣ್ಣ ಧಾರೆ,
ಕೈ ನಡುಗದೆ, ಮುರಿಯುವ ತನಕ.

ಮನಾಮಾದ ಈ ಲ್ಯಾಬಿನಲ್ಲಿ
ಹನ್ನೊಂದು ವರ್ಷದಿಂದ ಮುರಿಯುತ್ತಿದ್ದೇನೆ.
ಎಷ್ಟೆಂದು ಲೆಕ್ಕವಿಟ್ಟಿಲ್ಲ. ಗುಡಿಸಿದ್ದು ನೆನಪಿದೆ:
ತುಂಡುಗಳಿಗೆ ಭಾರವೇ ಇಲ್ಲ,
ಪೊರಕೆ ತಾಗುವ ಮೊದಲೇ ಅದರ ಗಾಳಿಗೆ ಓಡುತ್ತವೆ.

ಮರಳು ದುಡ್ಡು ಕೊಟ್ಟು ತಂದದ್ದು ಅಂದರೆ
ಊರಲ್ಲಿ ನಗುತ್ತಾರೆ: ಮರಳುಗಾಡಲ್ಲೂ ಮರಳಿಗೆ ಬರವಾ?
ಒಂದೇ ಸಮ ಸುರಿಯುವ ಮರಳು ಬೇಕಲ್ಲ ಮಾರಾಯ್ರೆ.
ಜರಡಿ ಹಿಡಿದು, ಟೆರೇಸಿನ ಬಿಸಿಲಿಗೆ ಹರವಿ,
ಬೆಕ್ಕು ಬಾರದ ಹಾಗೆ ಕಾಯುವವಳೂ ನಾನೇ.

ಜೊವಿಟಾ ಲಸ್ರಾದೊ, ಹತ್ತನೇ ಬಿ.
ಅಪ್ಪ ಹಿದ್ದ್‌ನ ಹಡಗು ರಿಪೇರಿ ಯಾರ್ಡಿನಲ್ಲಿ
ಕಬ್ಬಿಣದ ಅಟ್ಟಣಿಗೆ ಕಟ್ಟುವವನು.
ಮಗಳು ಎಳೆದ ಗೆರೆಗಳ ಮುಂದೆ ಕೂತು
ಅವನು ಹೇಳಿದ್ದು ಎರಡೇ ಮಾತಂತೆ:
ಒತ್ತಿಸಿಕೊಳ್ಳುವ ಕೋಲು ಗಿಡ್ಡ ಇರಲಿ, ದಪ್ಪ ಇರಲಿ.
ಎಳೆಸಿಕೊಳ್ಳುವುದು ತೆಳ್ಳಗಿದ್ದರೂ ನಡೀತದೆ.
ಆಮೇಲೆ ಕೂತಲ್ಲೇ, ಗೋಡೆಗೊರಗಿ, ನಿದ್ದೆ.

ಇಪ್ಪತ್ತು ಗ್ರಾಂ ಮೀರಬಾರದು. ನಿಯಮ.
ಅಡುಗೆಮನೆಯ ತಕ್ಕಡಿಗೆ ಹತ್ತೊಂಬತ್ತೂ ಒಂದೇ ಇಪ್ಪತ್ತೊಂದೂ ಒಂದೇ.
ಶನಿವಾರ ಸಂಜೆ ಹುಡುಗಿ ಉದ್ದದ ಬೂಟಿನ ಡಬ್ಬ ಹೊತ್ತು
ಚಿನ್ನದ ಪೇಟೆಗೆ ಹೋದಳು, ಮುಕುಂದ ಶೇಟರ ಅಂಗಡಿಗೆ.
ಬಳೆ ತೂಗುವ ತಟ್ಟೆಯ ಮೇಲೆ ಸೇತುವೆ
ಎರಡೂ ಕಡೆ ಕೈ ಚಾಚಿಕೊಂಡು ಕೂತಿತು.
ಗಾಳಿಗೆ ಅಂಕಿ ನಿಲ್ಲಲಿಲ್ಲ, ಶೇಟರು ಏಸಿ ಆರಿಸಿದರು.
ಗಿರಾಕಿಯೊಬ್ಬ ಕೇಳಿದ: ಇದೆಷ್ಟು ಕ್ಯಾರೆಟ್ಟು?

ಇಪ್ಪತ್ತು ಪಾಯಿಂಟ್ ಮೂರು ಐದು.

ಹೆಚ್ಚಿದ್ದು ಮರವಲ್ಲ, ನೀರು.
ಅಕ್ಟೋಬರಿನಲ್ಲೂ ಬೆವರುವ ಈ ಕೊಲ್ಲಿಯ ಗಾಳಿಯನ್ನು
ಬಾಲ್ಸಾ ರಾತ್ರಿಯಿಡೀ ಕುಡಿದಿತ್ತು.
ಒಂದು ಕೋಲನ್ನೂ ಕೆರೆಯಲು ಮನಸ್ಸಾಗದೆ
ಕುಚ್ಚಲಕ್ಕಿಯ ಡ್ರಮ್ಮಿನಲ್ಲಿ ಸೇತುವೆಯನ್ನು ಮಲಗಿಸಿದಳು,
ತಿನ್ನಬೇಡಿ ಎಂದು ಬರೆದ ಆ ಸಣ್ಣ ಪುಡಿಕೆಗಳನ್ನು
ಕಟ್ಟಡದ ಮನೆಮನೆಯ ಚಪ್ಪಲಿ ಡಬ್ಬಗಳಿಂದ ಬೇಡಿ ತಂದು,
ಸುತ್ತ ಇಟ್ಟು. ಮೂರು ದಿನ ಮನೆಯಲ್ಲಿ ಬರೀ ಚಪಾತಿ.

ಪಂದ್ಯದ ದಿನ: ಹತ್ತೊಂಬತ್ತು ಪಾಯಿಂಟ್ ಆರು.
ಬೇಗ ಆಂಟಿ, ಎಂದಳು, ಇದು ಮತ್ತೆ ಕುಡಿಯುವ ಮುಂಚೆ.

ಸುರಿದೆ.
ಹತ್ತು ಕಿಲೊ. ಅದಕ್ಕೆ ಗೊತ್ತೇ ಆಗಲಿಲ್ಲ.
ಹದಿನೆಂಟು. ಬೆನ್ನು ಒಂದಿಷ್ಟು ಬಾಗಿತು,
ಯಾರೋ ಹಿರಿಯರು ಬಂದಾಗ ಬಾಗುವಷ್ಟು.
ಇಪ್ಪತ್ತಾರು. ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾದರು.
ಮೂವತ್ತರ ಹತ್ತಿರ ಒಂದು ಸದ್ದು:
ಟಿಕ್.

ಸರ್‌ಗೆ ಕೇಳಲಿಲ್ಲ. ನನಗೆ ಕೇಳಿತು,
ಅವಳಿಗೂ. ಮಗ್ಗು ತಾನಾಗಿ ಮೇಲಕ್ಕೆದ್ದಿತು.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಧಾರೆ ಕಡಿದಿತ್ತು.
ಅವಳು ನನ್ನನ್ನು ನೋಡಲಿಲ್ಲ, ಎಡಗಡೆಯ
ಮೂರನೇ ಗಂಟನ್ನೇ ನೋಡುತ್ತಾ ಅಂದಳು:
ಸುರೀರಿ.

ಮೂವತ್ತೊಂದು ಕಿಲೊ, ಮುನ್ನೂರ ಅರವತ್ತು ಗ್ರಾಂ.
ತನ್ನ ತೂಕದ ಸಾವಿರದ ಆರುನೂರು ಪಟ್ಟು, ಬೋರ್ಡಿನ ಮೇಲೆ
ಸರ್ ಬರೆಯುತ್ತಿದ್ದಾಗ ಅವಳು ನೆಲದಲ್ಲಿ ಮೊಣಕಾಲೂರಿ
ಒಂದೇ ಒಂದು ತುಂಡು ಹುಡುಕುತ್ತಿದ್ದಳು.

ಎರಡನೇ ಬಹುಮಾನ. ಮೊದಲನೆಯದು
ರಿಫಾದ ಹುಡುಗನಿಗೆ, ಅದರ ಮಾತು ಬೇರೆ.

ಐದು ಗಂಟೆಗೆ, ಶಿಫ್ಟ್ ಮುಗಿದು, ಅಪ್ಪನ ಫೋನು.
ಎಷ್ಟು ಹೊತ್ತಿತು ಎಂದು ಕೇಳಲೇ ಇಲ್ಲ ಆ ಮನುಷ್ಯ.
ನನಗೆ ತಿಳಿಯುವಷ್ಟು ಕೊಂಕಣಿಯಲ್ಲಿ ಕೇಳಿದ್ದು:
ಎಲ್ಲಿ ಹೋಯಿತು?
ಎಡಗಡೆ, ಮೂರನೆಯದು. ಅಂಟು ಬಿಡಲಿಲ್ಲ ಪಪ್ಪಾ,
ಪಕ್ಕದ ಮರ ಸೀಳಿತು.
ಆ ಕಡೆಯಿಂದ ಹಾಂ ಎಂಬುದೊಂದು,
ಹಿಂದೆ ಯಾರೋ ಪೈಪು ಕೆಳಗಿಳಿಸುವ ಸದ್ದು.

ನಾನು ಮರಳನ್ನು ಮತ್ತೆ ಜರಡಿಗೆ ಹಾಕಿದೆ.
ಉಗುರಿನಷ್ಟು ಬಿಳಿ ಸಿಬಿರು ಮೇಲೆ ಉಳಿಯಿತು.
ಊದಿದರೆ ಹಾರುತ್ತಿತ್ತು.
ಊದಲಿಲ್ಲ, ಬೆರಳಲ್ಲೇ ಆರಿಸಿ ತೆಗೆದೆ.